ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಲೇಜು ಅಧ್ಯಾಪಕರಿಗೆ ಇ-ಕಲಿಕೆಯ ತರಬೇತಿ

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪದವಿ ಕಾಲೇಜುಗಳ ಅಧ್ಯಾಪಕರವು. ಆನ್‌ಲೈನ್ ಬೋಧನಾ ಸಾಧನಗಳನ್ನು ಕಲಿಯುವುದು ಎಲ್ಲಿ, ಕಲಿತದ್ದನ್ನು ತರಗತಿಗೆ ತರುವುದು ಹೇಗೆ ಎಂಬುದೇ ಅವುಗಳಲ್ಲಿ ಬಹುಪಾಲು ಪತ್ರಗಳ ವಿಷಯ. ಪತ್ರ ಬರೆದವರ ಹೆಸರು ಮತ್ತು ಕಾಲೇಜನ್ನು ಬಿಟ್ಟು, ಪ್ರಶ್ನೆಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುತ್ತಿದ್ದೇನೆ. ಕೋವಿಡ್ ಕಾಲದಿಂದೀಚೆಗೆ ಹಲವು ಆನ್‌ಲೈನ್ ಎಫ್‌ಡಿಪಿಗಳಲ್ಲಿ (ಅಧ್ಯಾಪಕರ ಅಭಿವೃದ್ಧಿ ಕಾರ್ಯಕ್ರಮಗಳಲ್ಲಿ) ಭಾಗವಹಿಸಿ ಪ್ರಮಾಣಪತ್ರಗಳನ್ನೂ ಪಡೆದಿದ್ದೇನೆ. ಆದರೂ ತರಗತಿಗೆ ಹೋದರೆ ಮತ್ತೆ ಅದೇ ಕರಿಹಲಗೆ, ಅದೇ ಟಿಪ್ಪಣಿ. ನಿಜಕ್ಕೂ ಉಪಯೋಗಕ್ಕೆ ಬರುವ ತರಬೇತಿ ಎಲ್ಲಿ ಸಿಗುತ್ತದೆ? (ಸಹಾಯಕ ಪ್ರಾಧ್ಯಾಪಕಿ, ಚಿತ್ರದುರ್ಗ ಜಿಲ್ಲೆ)

ಉತ್ತರ: ಕರಿಹಲಗೆಗೆ ಮರಳಿದ್ದನ್ನು ಸೋಲೆಂದು ಎಣಿಸಬೇಡಿ. ಇಂಥ ಕಾರ್ಯಕ್ರಮಗಳಲ್ಲಿ ಬಹುಪಾಲು ತಂತ್ರಾಂಶದ ಯಾವ ಗುಂಡಿ ಎಲ್ಲಿದೆ ಎಂದು ತೋರಿಸಿ ಮುಗಿಯುತ್ತವೆ. ನೀವು ಬೋಧಿಸುವ ಪತ್ರಿಕೆಯ ಯಾವ ಘಟಕದಲ್ಲಿ, ವಿದ್ಯಾರ್ಥಿಗಳ ಯಾವ ತೊಡಕನ್ನು ಬಿಡಿಸಲು ಆ ಗುಂಡಿ ಬೇಕು ಎಂದು ಯಾರೂ ಕೇಳುವುದಿಲ್ಲ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮಂಡಿಸಿದ ಚೌಕಟ್ಟು ಇದನ್ನೇ ಹೇಳುತ್ತದೆ: ವಿಷಯದ ತಿಳಿವಳಿಕೆ, ಬೋಧನೆಯ ತಿಳಿವಳಿಕೆ, ತಂತ್ರಜ್ಞಾನದ ತಿಳಿವಳಿಕೆ ಇವು ಮೂರನ್ನೂ ಬೇರೆ ಬೇರೆಯಾಗಿ ಗಳಿಸಿದರೆ ಸಾಲದು, ಅವು ಒಂದೇ ಪಾಠದಲ್ಲಿ ಕೂಡಬೇಕು.

ಇನ್ನು ತರಬೇತಿಯ ಮೂಲಗಳು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆರಂಭಿಸಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳಾಗಿವೆ. ಹಿರಿಯ ಅಧ್ಯಾಪಕರು ಈಗಲೂ ಹಳೆಯ ಹೆಸರಿನಿಂದಲೇ ಕರೆಯುವ ಈ ಕೇಂದ್ರಗಳು ನಮ್ಮಲ್ಲಿ ಬೆಂಗಳೂರು, ಮೈಸೂರು ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿವೆ. ಅವು ಆನ್‌ಲೈನಿನಲ್ಲಿ ನಡೆಸುವ ಶಿಕ್ಷಣ ನೀತಿ ಕುರಿತ ಓರಿಯೆಂಟೇಷನ್ ಕಾರ್ಯಕ್ರಮದಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವು ಎಂಟು ವಿಷಯಗಳ ಪೈಕಿ ಒಂದು ಮಾತ್ರ. ಅದೊಂದನ್ನೇ ನಂಬಿ ಸಾಧನಗಳನ್ನು ಕಲಿಯಲು ಹೋದವರಿಗೆ ನಿರಾಸೆಯಾಗುವುದು ಸಹಜ. ಕಲಿಯಬೇಕೆಂದಿರುವುದು ಸಾಧನಗಳನ್ನೇ ಆದರೆ, ತಂತ್ರಜ್ಞಾನವೇ ಮುಖ್ಯ ವಿಷಯವಾಗಿರುವ ರಿಫ್ರೆಶರ್ ಅಥವಾ ಅಲ್ಪಾವಧಿ ಕೋರ್ಸನ್ನು ಹುಡುಕಿ ಅರ್ಜಿ ಹಾಕಿ. ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಅಧ್ಯಾಪಕರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅಟಲ್ ಅಕಾಡೆಮಿಯೂ, ಚೆನ್ನೈನ ತಾಂತ್ರಿಕ ಶಿಕ್ಷಕರ ತರಬೇತಿ ಸಂಸ್ಥೆಯ ಬೆಂಗಳೂರು ವಿಸ್ತರಣಾ ಕೇಂದ್ರವೂ ಇವೆ.

ಸಾಧನಗಳಿಗಿಂತ ಬೋಧನೆಯ ಕಡೆಗೆ ಹೆಚ್ಚು ಗಮನ ಕೊಟ್ಟದ್ದೆಂದು ನನಗೆ ಅನ್ನಿಸುವುದು ಮುಂಬಯಿ ಐಐಟಿಯವರು ಅಧ್ಯಾಪಕರಿಗಾಗಿಯೇ ರೂಪಿಸಿದ ಆನ್‌ಲೈನ್ ಕೋರ್ಸುಗಳ ಮಾದರಿ. ಅದರಲ್ಲಿ ವಿಡಿಯೊ ಎಂದರೆ ಐವತ್ತು ನಿಮಿಷದ ಉಪನ್ಯಾಸದ ಚಿತ್ರೀಕರಣವಲ್ಲ. ಚಿಕ್ಕ ವಿಡಿಯೊ ನಡುವೆ ನಿಲ್ಲುತ್ತದೆ, ನೋಡುವವರು ಒಂದು ಪ್ರಶ್ನೆಗೆ ಉತ್ತರ ಬರೆದುಕೊಂಡು ಮುಂದೆ ಹೋಗಬೇಕು. ಅದರ ಬೆನ್ನಿಗೆ ಹಿಮ್ಮಾಹಿತಿ ಸಹಿತವಾದ ಅಭ್ಯಾಸ, ಆಸಕ್ತಿಗೆ ತಕ್ಕ ಹೆಚ್ಚಿನ ಓದು, ಗುರಿಯಿಟ್ಟ ಚರ್ಚೆ ಬರುತ್ತವೆ. ಅದೇ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಒಂದೊಂದೂ ಸುಮಾರು ಹತ್ತು ನಿಮಿಷದವು. ಅರ್ಧ ಪರದೆಯಲ್ಲಿ ಪಾಠ, ಉಳಿದ ಅರ್ಧದಲ್ಲಿ ತಂತ್ರಾಂಶ ತೆರೆದಿಟ್ಟುಕೊಂಡು ನಿಲ್ಲಿಸಿ ನಿಲ್ಲಿಸಿ ಮಾಡಿ ನೋಡುವುದು ಅಲ್ಲಿನ ಕ್ರಮ. ಲಿಬ್ರೆಆಫೀಸ್‌ನಂಥ ಹಲವು ಸರಣಿಗಳು ಕನ್ನಡ ಧ್ವನಿಯಲ್ಲೂ ಇವೆ. ಆನ್‌ಲೈನ್ ತರಗತಿ ನಡೆಸುವ ಉಚಿತ ತಂತ್ರಾಂಶವಾದ ಮೂಡಲ್ ಕುರಿತ ಸರಣಿಯೂ ಇದೆ. ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಸಂಸ್ಥೆ ಕೆನಡಾದ ಅಥಾಬಾಸ್ಕಾ ವಿಶ್ವವಿದ್ಯಾಲಯದ ಜೊತೆಗೂಡಿ ತಂತ್ರಜ್ಞಾನಾಧಾರಿತ ಕಲಿಕೆಯ ಬಗ್ಗೆ ಉಚಿತ ಕೋರ್ಸೊಂದನ್ನು ನಡೆಸುತ್ತ ಬಂದಿದೆ. ಇಂಗ್ಲಿಷಿನಲ್ಲಿ ಬರೆದು ಚರ್ಚಿಸಲು ಅಂಜಿಕೆಯಿಲ್ಲದವರಿಗೆ ಅದು ಒಳ್ಳೆಯದು.

ಯಾವುದಕ್ಕೆ ಸೇರುವ ಮುನ್ನವೂ ಎರಡು ಮಾತನ್ನು ವಿಚಾರಿಸಿ. ಕೋರ್ಸು ಮುಗಿಯುವ ಹೊತ್ತಿಗೆ ನನ್ನದೇ ಪತ್ರಿಕೆಗೆ ಬೇಕಾದ ಏನನ್ನಾದರೂ ತಯಾರಿಸಿರುತ್ತೇನೆಯೇ? ತಯಾರಿಸಿದ್ದನ್ನು ಯಾರಾದರೂ ನೋಡಿ ತಪ್ಪು ಒಪ್ಪು ಹೇಳುತ್ತಾರೆಯೇ? ಎರಡಕ್ಕೂ ಉತ್ತರ ಇಲ್ಲವೆಂದಾದರೆ ನಿಮಗೆ ದೊರಕುವುದು ಇನ್ನೊಂದು ಪ್ರಮಾಣಪತ್ರ ಅಷ್ಟೆ.

ನಿಮ್ಮ ವಿಷಯದಿಂದಲೇ ಒಂದು ಉದಾಹರಣೆ ಕೊಡಬಹುದು. ಮೈಸೂರಿನಲ್ಲಿ 1831ರಿಂದ 1881ರವರೆಗೆ ನಡೆದ ಬ್ರಿಟಿಷ್ ಕಮೀಷನರುಗಳ ಆಡಳಿತವನ್ನು ಬೋಧಿಸಬೇಕಾಗಿದೆ ಎಂದುಕೊಳ್ಳಿ. ಅರವತ್ತು ಸ್ಲೈಡುಗಳನ್ನು ತಯಾರಿಸಿ ಏರಿಸುವ ಬದಲು, ತರಗತಿಯ ಹಿಂದಿನ ದಿನ ಎರಡು ಪುಟದ ಓದನ್ನೂ ಮೂರೇ ಪ್ರಶ್ನೆಗಳನ್ನೂ ಕಳಿಸಿ: ನಗರ ಸೀಮೆಯ ರೈತರ ದಂಗೆಗೂ ಮುಮ್ಮಡಿ ಕೃಷ್ಣರಾಜ ಒಡೆಯರು ಆಡಳಿತ ಕಳೆದುಕೊಂಡದ್ದಕ್ಕೂ ಇರುವ ಸಂಬಂಧವೇನು, ಕಂಪನಿಯ ಸರ್ಕಾರ ಕೊಟ್ಟ ಕಾರಣವನ್ನು ಒಪ್ಪಬಹುದೇ, ಕಮೀಷನರ್ ಕಬ್ಬನ್ ಅವರ ಕಾಲದಲ್ಲಿ ಬದಲಾದದ್ದೇನು. ಉತ್ತರಗಳು ಬೆಳಗ್ಗೆ ನಿಮ್ಮ ಮುಂದಿದ್ದರೆ, ಎಲ್ಲರೂ ಸರಿಯಾಗಿ ಬರೆದದ್ದನ್ನು ಬಿಟ್ಟು ಹೆಚ್ಚು ಮಂದಿ ಎಡವಿದ ಕಡೆಗೇ ತರಗತಿಯ ಸಮಯವನ್ನು ಕೊಡಬಹುದು. ಇದಕ್ಕೆ ಬೇಕಾದ ತಾಂತ್ರಿಕ ಜ್ಞಾನ ಗೂಗಲ್ ಫಾರ್ಮ್ ಒಂದನ್ನು ತಯಾರಿಸುವಷ್ಟು. ಕರಿಹಲಗೆಯೂ ಇದ್ದಲ್ಲೇ ಇರಲಿ.

ಪ್ರಶ್ನೆ: ಕನ್ನಡ ವಿಭಾಗದಲ್ಲಿದ್ದೇನೆ. ವರ್ಷಗಟ್ಟಲೆ ಕೂಡಿಸಿದ ಟಿಪ್ಪಣಿ, ಪ್ರಶ್ನಕೋಶಗಳೆಲ್ಲ ನುಡಿ ತಂತ್ರಾಂಶದಲ್ಲಿವೆ. ಕಾಲೇಜಿನ ಎಲ್‌ಎಂಎಸ್‌ಗೆ (ಕಲಿಕಾ ನಿರ್ವಹಣಾ ತಂತ್ರಾಂಶಕ್ಕೆ) ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ತರಬೇತಿಯಲ್ಲಿ ಕೇಳಿದರೆ ‘ಪಿಡಿಎಫ್ ಮಾಡಿ ಹಾಕಿ ಸರ್’ ಎಂದರು. ಅಷ್ಟು ಸಾಕೇ? (ಸಹ ಪ್ರಾಧ್ಯಾಪಕರು, ಧಾರವಾಡ)

ಉತ್ತರ: ಸಾಲದು. ಕನ್ನಡದಲ್ಲಿ ಬೋಧಿಸುವವರಿಗೆ ಮೊದಲು ಎದುರಾಗುವ ತೊಡಕು ಇದೇ ಆಗಿದ್ದರೂ, ಬೇರೆ ರಾಜ್ಯಗಳಲ್ಲಿ ರೂಪಗೊಂಡ ತರಬೇತಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ನಮ್ಮ ಸಂಪನ್ಮೂಲ ವ್ಯಕ್ತಿಗಳಲ್ಲಿಯೂ ಅನೇಕರು ಇದನ್ನು ಪಕ್ಕಕ್ಕೆ ಸರಿಸುತ್ತಾರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕೆಳಗಿರುವ ರೋಮನ್ ಅಕ್ಷರಗಳೇ ಕಾಣುತ್ತವೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವುದರಿಂದ ವಿದ್ಯಾರ್ಥಿಯ ಫೋನಿನಲ್ಲಿ ಯಾವ ಕನ್ನಡ ಫಾಂಟು ಇದ್ದರೂ ಪಠ್ಯ ಸರಿಯಾಗಿ ಕಾಣುತ್ತದೆ.

ಪಿಡಿಎಫ್ ಮಾಡಿದರೆ ಪುಟ ಕಣ್ಣಿಗೆ ಸರಿಯಾಗಿ ಕಾಣುವುದು ನಿಜ. ಆದರೆ ಅದರೊಳಗೆ ‘ವಡ್ಡಾರಾಧನೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಚಿಕ್ಕ ಪರದೆಯಲ್ಲಿ ಸಾಲುಗಳು ಮರುಹೊಂದಾಣಿಕೆಯಾಗದೆ ವಿದ್ಯಾರ್ಥಿ ಪುಟವನ್ನು ಅತ್ತಿತ್ತ ಎಳೆಯುತ್ತ ಓದಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಪರದೆವಾಚಕ ತಂತ್ರಾಂಶ ಓದಿ ಕೇಳಿಸುವುದು ಆ ರೋಮನ್ ಗೊಂದಲವನ್ನೇ. ಯೂನಿಕೋಡ್ ಕನ್ನಡವನ್ನಾದರೆ ಉಚಿತ ಪರದೆವಾಚಕವಾದ ಎನ್‌ವಿಡಿಎ ಕೂಡ ಓದಿ ಹೇಳಬಲ್ಲದು. ಅನೇಕ ಕಾಲೇಜುಗಳ ಕಲಾ ವಿಭಾಗದಲ್ಲಿ ಇಂಥ ಒಬ್ಬಿಬ್ಬರಾದರೂ ಇರುವುದರಿಂದ ಇದು ಸಣ್ಣ ಮಾತಲ್ಲ.

ಪರಿವರ್ತನೆಗೆ ನುಡಿಯಲ್ಲೂ ಅಂತರಜಾಲದಲ್ಲೂ ಪರಿವರ್ತಕಗಳಿವೆ. ಮೂಲ ಕಡತದ ಪ್ರತಿಯೊಂದನ್ನು ಬೇರೆಯಾಗಿ ಇಟ್ಟು, ಇಡೀ ಪುಸ್ತಕವನ್ನು ಒಮ್ಮೆಲೇ ಪರಿವರ್ತಿಸದೆ ಘಟಕ ಘಟಕವಾಗಿ ಮಾಡಿ. ತಪ್ಪುಗಳು ಹೆಚ್ಚಾಗಿ ನುಸುಳುವುದು ಅರ್ಕಾವತ್ತಿನಲ್ಲಿ, ಎರಡು ಒತ್ತುಗಳಿರುವ ಅಕ್ಷರಗಳಲ್ಲಿ, ಹಾಗೂ ನಡುನಡುವೆ ಬರುವ ಇಂಗ್ಲಿಷ್ ಪದಗಳಲ್ಲಿ. ಹಳೆಯ ಕಡತದಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಸಂಕೇತಸ್ಥಾನಗಳಲ್ಲಿರುವ ಕಾರಣ, ಪಠ್ಯವನ್ನಷ್ಟೇ ಅಂಟಿಸಿದಾಗ ಯಾವುದು ಯಾವುದೆಂದು ಪರಿವರ್ತಕಕ್ಕೆ ತಿಳಿಯದೆ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ, ಹಾಗಾಗಿ ಹುಡುಕಾಟ ವಿಫಲವಾಗುತ್ತದೆ. ಹೊಸದಾಗಿ ಬೆರಳಚ್ಚು ಮಾಡಲು ನೀವು ಬೇರೆ ಕೀಲಿಮಣೆ ಕಲಿಯಬೇಕಾಗಿಲ್ಲ, ನುಡಿಯ ವಿನ್ಯಾಸದಲ್ಲಿಯೇ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಬಹುದು.

ಪ್ರಶ್ನಕೋಶದ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ನಿಮ್ಮ ಕಾಲೇಜಿನ ಎಲ್‌ಎಂಎಸ್ ಮೂಡಲ್ ಆಗಿದ್ದರೆ ಪ್ರಶ್ನೆಗಳನ್ನು ಒಂದೊಂದಾಗಿ ತುಂಬಬೇಕಾಗಿಲ್ಲ. ಸರಳ ಪಠ್ಯ ಕಡತದಲ್ಲಿ ಪ್ರಶ್ನೆ ಬರೆದು, ಪುಷ್ಪಾವರಣದೊಳಗೆ ಸರಿಯುತ್ತರದ ಮುಂದೆ ಸಮಚಿಹ್ನೆಯನ್ನೂ ತಪ್ಪುತ್ತರಗಳ ಮುಂದೆ ಅಲೆಯಾಕಾರದ ಟಿಲ್ಡೆ ಚಿಹ್ನೆಯನ್ನೂ ಇಟ್ಟು, ಪ್ರಶ್ನೆಗಳ ನಡುವೆ ಒಂದು ಸಾಲು ಬಿಟ್ಟು, ಕಡತವನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸಿದರೆ ಇನ್ನೂರು ಪ್ರಶ್ನೆಗಳನ್ನೂ ಒಂದೇ ಬಾರಿಗೆ ಆಮದು ಮಾಡಿಕೊಳ್ಳಬಹುದು. ಗಿಫ್ಟ್ ಎಂಬುದು ಈ ಕ್ರಮದ ಹೆಸರು. ಮುಂದಿನ ತರಬೇತಿಯಲ್ಲಿ ಇದನ್ನು ತೋರಿಸಿ ಎಂದು ನೀವಾಗಿಯೇ ಕೇಳಿ.

ಪ್ರಶ್ನೆ: ಅತಿಥಿ ಉಪನ್ಯಾಸಕನಾಗಿದ್ದೇನೆ. ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಇರುವುದೊಂದೇ ಫೋನು, ಅದಕ್ಕೂ ದಿನದ ಡೇಟಾ ಮಿತಿ. ಇಂಥಲ್ಲಿ ನಾನು ಇ-ಕಲಿಕೆಯ ತರಬೇತಿ ಪಡೆದು ಏನು ಪ್ರಯೋಜನ? ನಮಗೆ ತರಬೇತಿಗೆ ಅವಕಾಶವಾದರೂ ಇದೆಯೇ? (ರಾಯಚೂರು ಜಿಲ್ಲೆ)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆಯ ಕೋರ್ಸುಗಳಿಗೆ ಸೇರುವಾಗ ನೇಮಕಾತಿ ಆದೇಶವನ್ನು ಯಾರೂ ಕೇಳುವುದಿಲ್ಲ. ಕಲಿಕೆ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಸ್ಪೋಕನ್ ಟ್ಯುಟೋರಿಯಲ್ ಪಾಠಗಳೂ, ಮೂಡಲ್‌ನವರೇ ನಡೆಸುವ ಮೂಡಲ್ ಅಕಾಡೆಮಿಯ ಆರಂಭದ ಪಾಠಗಳೂ ಹಾಗೆಯೇ ಎಲ್ಲರಿಗೂ ತೆರೆದಿವೆ.

ನಿಮ್ಮ ವಿದ್ಯಾರ್ಥಿಗಳ ಸ್ಥಿತಿಗೆ ಹೊಂದದಿರುವುದು ನೇರ ಪ್ರಸಾರದ ತರಗತಿ, ಇಡೀ ಇ-ಕಲಿಕೆಯಲ್ಲ. ನಿಗದಿತ ಸಮಯದಲ್ಲಿ ಎಲ್ಲರೂ ಪರದೆಯ ಮುಂದೆ ಇರಲೇಬೇಕೆನ್ನುವ ವಿಧಾನ ಮನೆಯ ಒಂದೇ ಫೋನನ್ನು ಅಣ್ಣನ ಕೈಯಿಂದ ತಂಗಿಯ ಕೈಗೆ ದಾಟಿಸುವ ಕುಟುಂಬಕ್ಕೆ ಅನ್ಯಾಯ ಮಾಡುತ್ತದೆ. ಹತ್ತು ನಿಮಿಷದ ಧ್ವನಿಮುದ್ರಣ ವಾಟ್ಸ್‌ಆ್ಯಪ್‌ನಲ್ಲಿ ಕೆಲವೇ ಎಂಬಿಯಷ್ಟಿರುತ್ತದೆ. ಅದರ ಜೊತೆ ಒಂದು ಪುಟದ ಪಠ್ಯವನ್ನು, ಚಿತ್ರವಾಗಿ ಅಲ್ಲದೆ ಪಠ್ಯವಾಗಿಯೇ, ಕಳಿಸಿದರೆ ರಾತ್ರಿ ಹತ್ತಕ್ಕೆ ಫೋನು ಕೈಗೆ ಸಿಕ್ಕವರೂ ಓದಬಹುದು. ಮೂಡಲ್ ಆ್ಯಪ್‌ನಲ್ಲಿ ಕಾಲೇಜಿನ ವೈಫೈ ಇರುವಾಗ ಪಾಠವನ್ನು ಇಳಿಸಿಕೊಂಡು ಮನೆಯಲ್ಲಿ ಸಂಪರ್ಕವಿಲ್ಲದೆ ಓದುವ ಸೌಲಭ್ಯವಿದೆ. ಆದ್ದರಿಂದ ತರಬೇತಿ ಆರಿಸುವಾಗ ಪಠ್ಯ ಮತ್ತು ಧ್ವನಿ ಆಧಾರಿತ ಪಾಠಗಳ ತಯಾರಿಯನ್ನು ಕಲಿಸುವುದನ್ನು ಹುಡುಕಿ. ವಿಡಿಯೊ ಸಂಕಲನ ಆಮೇಲೆ ಕಲಿತರಾಯಿತು.

ಅತಿಥಿ ಉಪನ್ಯಾಸಕರಿಗೆ ಒಂದು ಎಚ್ಚರಿಕೆಯ ಮಾತು. ನೀವು ತಯಾರಿಸಿದ ಎಲ್ಲದರ ಪ್ರತಿಯನ್ನೂ ನಿಮ್ಮ ಸ್ವಂತ ಖಾತೆಯಲ್ಲಿ ಅಥವಾ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಕಾಲೇಜು ಕೊಟ್ಟ ಲಾಗಿನ್ ಶೈಕ್ಷಣಿಕ ವರ್ಷ ಮುಗಿದ ಮೇಲೆ ನಿಂತುಹೋದರೆ ನಿಮ್ಮ ದುಡಿಮೆಯೂ ಅದರೊಳಗೇ ಉಳಿದುಬಿಡುತ್ತದೆ.

ಪ್ರಶ್ನೆ: ಭೌತಶಾಸ್ತ್ರದ ಪ್ರಯೋಗಗಳಿಗೆ ಆನ್‌ಲೈನ್ ಸಾಧನಗಳನ್ನು ಬಳಸಬಹುದೇ? (ಉಪನ್ಯಾಸಕಿ, ಶಿವಮೊಗ್ಗ)

ಉತ್ತರ: ಬಳಸಬಹುದು. ಆನ್‌ಲೈನಿನಲ್ಲೇ ಪ್ರಯೋಗ ಮಾಡಿಸುವ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಕೂಡ ಪಾಲುದಾರ ಸಂಸ್ಥೆ. ಅಧ್ಯಾಪಕರಿಗಾಗಿ ಕಾರ್ಯಾಗಾರಗಳನ್ನೂ ಈ ಯೋಜನೆಯಡಿ ನಡೆಸುತ್ತಾರೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ, ಪರದೆಯ ಮೇಲೆ ಮಾಡಿ ನೋಡುವ ಅನುಕರಣೆಗಳಲ್ಲಿ ಹಲವು ಕನ್ನಡದಲ್ಲೂ ದೊರೆಯುತ್ತವೆ. ಇವು ಪ್ರಯೋಗಕ್ಕೆ ಮುಂಚಿನ ತಯಾರಿಗೆ ಸೊಗಸಾಗಿ ಒದಗುತ್ತವೆ. ಆದರೆ ಸ್ಕ್ರೂಗೇಜನ್ನು ಕೈಯಲ್ಲಿ ಹಿಡಿದು ಶೂನ್ಯದೋಷ ನೋಡದ ವಿದ್ಯಾರ್ಥಿ ಅಳತೆ ಕಲಿತನೆಂದು ಹೇಳಲಾಗದು.

ಪ್ರಶ್ನೆ: ನಮ್ಮ ಅನುದಾನಿತ ಕಾಲೇಜಿನಲ್ಲಿ ಅಧ್ಯಾಪಕರಿಗಾಗಿ ಮೂರು ದಿನದ ಕಾರ್ಯಾಗಾರ ಏರ್ಪಡಿಸಬೇಕೆಂದಿದ್ದೇವೆ. ಹೇಗೆ ನಡೆಸಿದರೆ ಫಲ ಸಿಗುತ್ತದೆ? ಹಿರಿಯರಲ್ಲಿ ಕೆಲವರಿಗೆ ಕಂಪ್ಯೂಟರ್ ಎಂದರೆ ಸಂಕೋಚ. (ಪ್ರಾಂಶುಪಾಲರು, ಉಡುಪಿ ಜಿಲ್ಲೆ)

ಉತ್ತರ: ಮೂರು ದಿನವನ್ನು ಒಟ್ಟಿಗೆ ಕಳೆಯಬೇಡಿ ಎಂಬುದು ನನ್ನ ಸಲಹೆ. ಉದ್ಘಾಟನೆ, ಸನ್ಮಾನ, ಸಮಾರೋಪಗಳಲ್ಲಿಯೇ ಅರ್ಧ ಸಮಯ ಹೋಗಿ, ಉಳಿದದ್ದರಲ್ಲಿ ಹತ್ತು ಸಾಧನಗಳ ಪರಿಚಯವಾಗಿ, ಸೋಮವಾರದ ಹೊತ್ತಿಗೆ ಎಲ್ಲವೂ ಮರೆತುಹೋಗುವುದನ್ನು ನೀವೂ ಕಂಡಿರುತ್ತೀರಿ. ಮೊದಲ ದಿನ ಒಂದೇ ಸಾಧನವನ್ನು, ನಿಮ್ಮ ಕಾಲೇಜಿನಲ್ಲಿ ಈಗಾಗಲೇ ಇರುವುದನ್ನು, ಕಲಿಸಿ. ಎಲ್ಲರೂ ತಮ್ಮ ತಮ್ಮ ಪತ್ರಿಕೆಯ ಒಂದು ಘಟಕವನ್ನು ಅದರಲ್ಲಿ ತಯಾರಿಸಲಿ. ಮೂರು ವಾರ ತರಗತಿಯಲ್ಲಿ ಬಳಸಿದ ಮೇಲೆ ಎರಡನೆಯ ದಿನ ಸೇರಿ, ಏನು ಕೆಟ್ಟಿತು, ಏನು ನಡೆಯಿತು ಎಂದು ಮಾತಾಡಲಿ. ಮೂರನೆಯ ದಿನ ಸೆಮಿಸ್ಟರಿನ ಕೊನೆಗೆ ಬರಲಿ.

ಹಿರಿಯರ ಸಂಕೋಚಕ್ಕೆ ಕಾರಣ ಯಂತ್ರವಲ್ಲ. ಕಿರಿಯರೆದುರು, ಅದಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳೆದುರು ತಡವರಿಸಬೇಕಾದೀತೆಂಬ ಅಳುಕು. ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ಒಂದೇ ಘಟಕವನ್ನು ಸಿದ್ಧಪಡಿಸುವಂತೆ ಮಾಡಿದರೆ ಒಬ್ಬರಿಂದ ವಿಷಯದ ಆಳ, ಮತ್ತೊಬ್ಬರಿಂದ ಕೈಚಳಕ ಬಂದು ಕೊಡುಕೊಳ್ಳುವಿಕೆ ಸಮನಾಗುತ್ತದೆ. ತಯಾರಿಗೆ ಸಮಯ ಬೇಕೆಂಬುದನ್ನೂ ಆಡಳಿತ ಮಂಡಳಿಗೆ ಮನಗಾಣಿಸಿ. ಪೂರ್ಣ ಕಾರ್ಯಭಾರದ ಮೇಲೆ ಇದನ್ನೂ ಹೇರಿದರೆ ನಿಮಗೆ ಸಿಗುವುದು ಹಳೆಯ ಟಿಪ್ಪಣಿಗಳ ಛಾಯಾಚಿತ್ರ. ಮತ್ತೊಂದು ಗೊಂದಲ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಸಾಮಾನ್ಯ: ಪ್ರವೇಶ, ಪರೀಕ್ಷೆ, ಅಂಕಗಳ ನಿರ್ವಹಣೆಗಿರುವ ಯುಯುಸಿಎಂಎಸ್ ತಂತ್ರಾಂಶದ ತರಬೇತಿಯನ್ನೇ ಇ-ಕಲಿಕೆಯ ತರಬೇತಿಯೆಂದು ವರದಿಯಲ್ಲಿ ಬರೆಯುವುದು. ಅದು ಕಚೇರಿಯ ಕೆಲಸ. ಅದನ್ನು ಕಲಿತದ್ದರಿಂದ ಯಾವ ಪಾಠವೂ ಬದಲಾಗುವುದಿಲ್ಲ.

ಪ್ರಶ್ನೆ: ಇ-ವಿಷಯ (ಆನ್‌ಲೈನ್ ಪಾಠಸಾಮಗ್ರಿ) ತಯಾರಿಸಿದರೆ ಸ್ಥಾನೋನ್ನತಿಗೆ ಅಂಕ ಸಿಗುತ್ತದೆಯೇ? (ಸಹಾಯಕ ಪ್ರಾಧ್ಯಾಪಕರು, ಹಾಸನ)

ಉತ್ತರ: ಯುಜಿಸಿಯ 2018ರ ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿದೆ. ನಾಲ್ಕು ಕ್ರೆಡಿಟ್‌ಗಳ ಪೂರ್ಣ ಮೂಕ್ (ಎಲ್ಲರಿಗೂ ತೆರೆದ ಆನ್‌ಲೈನ್) ಕೋರ್ಸನ್ನು ನಾಲ್ಕೂ ಭಾಗಗಳಲ್ಲಿ, ಅಂದರೆ ವಿಡಿಯೊ, ಓದುವ ಪಠ್ಯ, ಚರ್ಚೆ, ಮೌಲ್ಯಮಾಪನಗಳ ಸಹಿತ ರೂಪಿಸಿದವರಿಗೆ 20 ಅಂಕ, ಅಂಥ ಕೋರ್ಸಿನ ಒಂದು ಮಾಡ್ಯೂಲಿಗೆ (ಘಟಕಕ್ಕೆ) 5 ಅಂಕ. ಪೂರ್ಣ ಕೋರ್ಸಿನ ಇ-ವಿಷಯಕ್ಕೆ 12 ಅಂಕ. ಗೂಗಲ್ ಕ್ಲಾಸ್‌ರೂಮಿಗೆ ಟಿಪ್ಪಣಿ ಏರಿಸಿದ್ದು ಇದರಡಿ ಬರುವುದಿಲ್ಲ. ಸ್ಟುಡಿಯೊದಲ್ಲಿ ಚಿತ್ರೀಕರಣ ಬೇಕಿದ್ದರೆ ಮೈಸೂರು ವಿಶ್ವವಿದ್ಯಾಲಯದಲ್ಲಿರುವ ಶೈಕ್ಷಣಿಕ ಮಾಧ್ಯಮ ಕೇಂದ್ರವನ್ನು ವಿಚಾರಿಸಬಹುದು. 2025ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮಗಳ ಕರಡನ್ನು ಪ್ರಕಟಿಸಿರುವ ಕಾರಣ, ಅರ್ಜಿ ಸಲ್ಲಿಸುವ ದಿನ ಯಾವ ನಿಯಮ ಜಾರಿಯಲ್ಲಿದೆಯೋ ಅದನ್ನೇ ನೋಡಿಕೊಳ್ಳಿ.

ಪ್ರಶ್ನೆ: ಪಠ್ಯಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ವಿದ್ಯಾರ್ಥಿಗಳಿಗೆ ಹಂಚುವುದು ಕಾನೂನಿಗೆ ವಿರುದ್ಧವೇ? ಯಾವ ತರಬೇತಿಯಲ್ಲೂ ಇದನ್ನು ಹೇಳಲಿಲ್ಲ. (ಅರ್ಥಶಾಸ್ತ್ರ ಉಪನ್ಯಾಸಕರು, ವಿಜಯಪುರ)

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಬೋಧನೆಯ ಭಾಗವಾಗಿ ಅಧ್ಯಾಪಕರು ಅಥವಾ ವಿದ್ಯಾರ್ಥಿಗಳು ಮಾಡುವ ಪ್ರತಿಯನ್ನು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ನಕಲು ಅಂಗಡಿಯೊಂದರ ಮೇಲೆ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಈ ವಿನಾಯಿತಿಗೆ ವಿಶಾಲವಾದ ಅರ್ಥವನ್ನು ಕೊಟ್ಟಿತು. ಆ ಮೊಕದ್ದಮೆಯಲ್ಲಿದ್ದದ್ದು ಪಠ್ಯಕ್ರಮಕ್ಕೆ ಸಂಬಂಧಿಸಿದ ಪುಟಗಳ ಸಂಕಲನ, ಮತ್ತು ಅದು ಕಾಗದದ ಮೇಲಿನದು. ಆದ್ದರಿಂದ ನಿಮ್ಮ ತರಗತಿಗೆ ಮಾತ್ರ ತೆರೆಯುವ ಎಲ್‌ಎಂಎಸ್ ಪುಟದಲ್ಲಿ ಅಗತ್ಯವಿದ್ದಷ್ಟು ಭಾಗವನ್ನು ಲೇಖಕರ ಮತ್ತು ಪ್ರಕಾಶಕರ ಹೆಸರಿನೊಡನೆ ಇಡುವುದು ಒಂದು; ಇಡೀ ಪುಸ್ತಕವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಟೆಲಿಗ್ರಾಂ ಗುಂಪಿಗೆ ಹಾಕುವುದು ಬೇರೊಂದು. ಎರಡನೆಯದನ್ನು ಖಂಡಿತ ಮಾಡಬೇಡಿ. ಸಾಧ್ಯವಿದ್ದ ಕಡೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಮುಕ್ತ ಸಾಮಗ್ರಿಯನ್ನೇ ಆರಿಸಿಕೊಳ್ಳಿ. ಸ್ನಾತಕೋತ್ತರ ಹಂತದ ಆನ್‌ಲೈನ್ ತಾಣವಾದ ಇ-ಪಿಜಿ ಪಾಠಶಾಲೆಯ ಪಾಠಗಳ ಕೊಂಡಿಯನ್ನು ಕೊಟ್ಟರೂ ಸಾಕಾಗುತ್ತದೆ. ನಿಮ್ಮ ಗ್ರಂಥಾಲಯ, ಕಾಲೇಜುಗಳಿಗೆ ಇ-ಪುಸ್ತಕಗಳನ್ನು ಒದಗಿಸುವ ಎನ್-ಲಿಸ್ಟ್ ಯೋಜನೆಯ ಸದಸ್ಯತ್ವ ಪಡೆದಿದ್ದರೆ ಗ್ರಂಥಪಾಲಕರಿಂದ ಲಾಗಿನ್ ಕೇಳಿ ಪಡೆಯಿರಿ. ಸ್ಕ್ಯಾನ್ ಮಾಡಬೇಕೆಂದಿದ್ದ ಪುಸ್ತಕದ ವಿದ್ಯುನ್ಮಾನ ಪ್ರತಿ ಅಲ್ಲಿಯೇ ಇರುವ ಸಾಧ್ಯತೆಯುಂಟು.